ಹದಿನೈದರ ಹುಡುಗನ ಬಾಗಿಲಿಗೊಂದು ಚಿಲಕ

ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ನಾಲ್ವರು: ಗಂಡ, ಹೆಂಡತಿ, ಗಂಡನ ಮೊದಲ ಮದುವೆಯ 15 ವರ್ಷದ ಮಗ, ಈ ದಂಪತಿಗೆ ಹುಟ್ಟಿದ 2 ವರ್ಷದ ಮಗಳು. ಹುಡುಗನ ಹೆತ್ತ ತಾಯಿ ಬೇರೆಡೆ ಇದ್ದಾರೆ. ಕೆಲವು ವಾರಾಂತ್ಯಗಳನ್ನು ಅವನು ಅಲ್ಲಿ ಕಳೆಯುತ್ತಾನೆ.

ಸಲಹೆ ಕೇಳಿ ಬಂದವರು ಮಲತಾಯಿ. ಹುಡುಗ ಮಾತನಾಡುವುದಿಲ್ಲ, ಕೇಳಿದ್ದಕ್ಕೆ ಉತ್ತರಿಸುವುದಿಲ್ಲ, ಬಾಗಿಲನ್ನು ಧಡಾರೆಂದು ಹಾಕಿಕೊಳ್ಳುತ್ತಾನೆ. ಒಂದು ಸಂಜೆ ಪುಟ್ಟ ತಂಗಿಯ ಮೇಲೆ ಕೂಗಾಡಿದ. ಅಂದಿನಿಂದ ಮಗುವನ್ನು ಅವನ ಬಳಿ ಬಿಡಲು ಆಕೆಗೆ ಧೈರ್ಯವಿಲ್ಲ. ಅದನ್ನು ಗಂಡನಿಗೆ ಹೇಳಿದರೆ, ತನ್ನ ಮಗನನ್ನು ಅಪರಾಧಿ ಮಾಡುತ್ತಿದ್ದಾಳೆ ಎಂದು ಆತ ಮುನಿಸಿಕೊಂಡರು. ಗದರಿಸಿದರೆ ಮಲತಾಯಿ ಧೋರಣೆ ಎಂದು ನಾಲ್ಕು ಜನ ಆಡಿಕೊಂಡಾರೆಂಬ ಅಂಜಿಕೆ, ಸುಮ್ಮನಿದ್ದರೆ ಮನೆ ಕೈ ತಪ್ಪೀತೆಂಬ ಆತಂಕ. ಆಕೆ ನಿಜಕ್ಕೂ ದಣಿದಿದ್ದರು.

ಅವನು ಮಗುವಿಗೆ ಹೊಡೆದದ್ದು, ತಳ್ಳಿದ್ದು, ಬೆದರಿಸಿದ್ದು ಉಂಟೇ ಎಂಬುದೇ ನನ್ನ ಮೊದಲ ಪ್ರಶ್ನೆ. ಉಂಟು ಎಂದಿದ್ದರೆ ಮಗುವಿನ ಸುರಕ್ಷತೆಯೇ ಮೊದಲ ಕೆಲಸವಾಗುತ್ತಿತ್ತು. ಇಲ್ಲ, ಕೂಗಿದ್ದು ಮಾತ್ರ ಎಂದರು. ಆಮೇಲೆ ಹುಡುಗನೊಂದಿಗೆ ಪ್ರತ್ಯೇಕವಾಗಿ ಕುಳಿತೆ. ಅವನು ಹೇಳಿದ್ದರಲ್ಲಿ ಯಾವುದು ನನ್ನಲ್ಲೇ ಉಳಿಯುತ್ತದೆ, ಯಾರಿಗಾದರೂ ಅಪಾಯವೆನಿಸಿದರೆ ಯಾವುದನ್ನು ಹಿರಿಯರಿಗೆ ತಿಳಿಸಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿದೆ. ಹರೆಯದವರು ಬಾಯಿ ತೆರೆಯಲು ಈ ಸ್ಪಷ್ಟತೆ ಬೇಕು.

ತಂಗಿಯ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಅಂದು ಸಂಜೆ ಆದದ್ದಿಷ್ಟೆ: ಅವನು ಬಹಳ ದಿನಗಳಿಂದ ಬಿಡಿಸುತ್ತಿದ್ದ ಚಿತ್ರಗಳನ್ನು ಮಗು ಹರಿದು ಹಾಕಿತ್ತು. ಅವನು ಕೂಗಿದ, ಮಗು ಅತ್ತಿತು, ದೊಡ್ಡವರಿಬ್ಬರೂ ಮಗುವನ್ನು ಸಮಾಧಾನಪಡಿಸಿದರು. ಹರಿದ ಹಾಳೆಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. “ಅವಳು ಚಿಕ್ಕವಳು, ನೀನೇ ಅರ್ಥ ಮಾಡಿಕೊಳ್ಳಬೇಕು ಎನ್ನುತ್ತಾರೆ. ಎಲ್ಲದಕ್ಕೂ ನಾನೇ” ಎಂದ. ಅಪ್ಪ ಅಮ್ಮ ಬೇರೆಯಾದಾಗಲೂ ಅರ್ಥ ಮಾಡಿಕೊಂಡವನು ಅವನೇ, ಮರುಮದುವೆಯಾದಾಗಲೂ ಅವನೇ. 15 ವರ್ಷದವನಿಗೆ ಇದು ತೀರ ಭಾರ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ: ಆ ಮನೆಯಲ್ಲಿ ಕೊರತೆಯಾಗಿದ್ದದ್ದು ಪ್ರೀತಿಯಲ್ಲ, ನ್ಯಾಯ.

ಆದ್ದರಿಂದ ಸಲಹೆಯೂ ಅಲ್ಲಿಂದಲೇ ಆರಂಭವಾಯಿತು. ಎರಡು ವರ್ಷದ ಮಗುವಿಗೆ ‘ಇದು ಅಣ್ಣನದು, ಮುಟ್ಟಬೇಡ’ ಎಂದು ಎಷ್ಟು ಹೇಳಿದರೂ ಕೈ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ತಡೆಯಬೇಕಾದದ್ದು ಬಾಗಿಲು. ಹುಡುಗನ ಕೋಣೆಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕ ಹಾಕಿಸಿ ಎಂದೆ. ದೊಡ್ಡವರೂ ತಟ್ಟಿಯೇ ಒಳಗೆ ಹೋಗಬೇಕು. ಮಗು ಏನನ್ನಾದರೂ ಹಾಳು ಮಾಡಿದರೆ, ಅಳುವ ಮಗುವನ್ನು ಒಬ್ಬರು ಎತ್ತಿಕೊಳ್ಳಲಿ, ಇನ್ನೊಬ್ಬರು ನಷ್ಟವಾದವನ ಬಳಿ ಹೋಗಲಿ. ತಂಗಿಯನ್ನು ನೋಡಿಕೊಳ್ಳುವ ಕೆಲಸವನ್ನು ಕೇಳಿಕೊಳ್ಳಿ, ಹೇರಬೇಡಿ. ಅವನು ಒಲ್ಲೆ ಎಂದರೆ ಅದಕ್ಕೆ ಬೆಲೆಯಿರಲಿ.

ತಂದೆಗೆ ಹೇಳಿದ್ದು ಹೆಚ್ಚು ಕಠಿಣವಾಗಿತ್ತು, ಅಷ್ಟೇ ಅಗತ್ಯವೂ ಆಗಿತ್ತು. ಮಗನ ಶಾಲೆ, ಮೊಬೈಲ್, ಮಲಗುವ ಹೊತ್ತು ಎಲ್ಲವನ್ನೂ ಅವರು ಹೆಂಡತಿಗೆ ಒಪ್ಪಿಸಿ ದೂರ ನಿಂತಿದ್ದರು. ವಿಚ್ಛೇದನ ಮತ್ತು ಮರುಮದುವೆಯ ಕುಟುಂಬಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಮೇವಿಸ್ ಹೆದರಿಂಗ್‌ಟನ್ ಅವರ ಕೆಲಸವೂ ನಮ್ಮ ಅನುಭವವೂ ಹೇಳುವುದು ಒಂದನ್ನೇ: ಮಲತಂದೆ ಅಥವಾ ಮಲತಾಯಿ ಮೊದಲು ಬಾಂಧವ್ಯ ಬೆಳೆಸಿಕೊಳ್ಳಬೇಕು, ಶಿಸ್ತಿನ ಹೊಣೆ ಹೆತ್ತವರದ್ದಾಗಿರಬೇಕು. ಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳಲ್ಲಂತೂ ಅವಸರದ ಅಧಿಕಾರ ತಿರುಗೇಟನ್ನೇ ತರುತ್ತದೆ. ನಿಯಮಗಳನ್ನು ಇಬ್ಬರೂ ಕೂಡಿ ನಿರ್ಧರಿಸಿ, ಮಗನಿಗೆ ತಂದೆಯೇ ಹೇಳಬೇಕು. ತಂದೆ ಹೊರಗಿದ್ದಾಗ ಆಕೆ ‘ನಿಮ್ಮ ಅಪ್ಪನೂ ನಾನೂ ಒಪ್ಪಿದ ನಿಯಮವಿದು’ ಎಂದು ನೆನಪಿಸಿದರೆ ಸಾಕು. ಜೊತೆಗೆ ವಾರದಲ್ಲಿ ಸ್ವಲ್ಪ ಹೊತ್ತು ತಂದೆ ಮಗ ಇಬ್ಬರೇ ಇರಬೇಕು, ಮಗುವಿಲ್ಲದೆ, ಉಪದೇಶವಿಲ್ಲದೆ.

ಬೆಳಗಿನ ಜಗಳಗಳಿಗೆ ಕಾರಣ ಬೇರೆಯೇ ಇತ್ತು. ಹರೆಯದಲ್ಲಿ ದೇಹದ ಗಡಿಯಾರ ತಡವಾಗಿ ಓಡತೊಡಗುತ್ತದೆ. ನಿದ್ದೆ ಹತ್ತುವುದೂ ತಡ, ಏಳುವುದೂ ತಡ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪುಟಾಣಿಯೋ ನಸುಕಿನಲ್ಲೇ ಎದ್ದು ಅಣ್ಣನ ಬಾಗಿಲು ಬಡಿಯುತ್ತಿದ್ದಳು. ಹುಡುಗ ತಡವಾಗಿ ಏಳುವುದನ್ನು ಸೋಮಾರಿತನವೆಂದು ಬೈಯುವುದನ್ನು ನಿಲ್ಲಿಸಿ, ಬೆಳಗ್ಗೆ ಮಗುವನ್ನು ಮನೆಯ ಇನ್ನೊಂದು ಬದಿಯಲ್ಲಿ ಆಡಿಸಿ, ರಾತ್ರಿ ಮೊಬೈಲನ್ನು ಕೋಣೆಯಿಂದ ಹೊರಗಿಡಿಸಿ ಎಂದೆ. ಮೊಬೈಲಿನ ಮಾತನ್ನೂ ತಂದೆಯೇ ಆಡಬೇಕಿತ್ತು.

ಹೆತ್ತ ತಾಯಿಯ ಮನೆಯಿಂದ ಮರಳಿದ ದಿನ ಅವನು ಹೆಚ್ಚು ಸಿಡುಕುತ್ತಾನೆ ಎಂದು ಮಲತಾಯಿ ನೊಂದಿದ್ದರು. ಇಲ್ಲಿ ನಕ್ಕರೆ ಅಲ್ಲಿಯವರಿಗೆ ದ್ರೋಹ ಬಗೆದಂತೆ ಎಂಬ ತಳಮಳ ಇಂಥ ಮಕ್ಕಳನ್ನು ಕಾಡುತ್ತದೆ. ಬಂದ ತಕ್ಷಣ ಪ್ರಶ್ನೆ ಕೇಳಬೇಡಿ, ಹೆತ್ತ ತಾಯಿಯ ಬಗ್ಗೆ ಅವನೆದುರು ಹಗುರವಾಗಿ ಮಾತನಾಡಬೇಡಿ ಎಂದೆ.

“ನನ್ನ ಮಗಳಷ್ಟು ಅವನನ್ನು ಪ್ರೀತಿಸಲಾಗುತ್ತಿಲ್ಲ” ಎಂದು ಆಕೆ ಕೊನೆಗೊಮ್ಮೆ ಅತ್ತರು. ಇಷ್ಟು ಪ್ರಾಮಾಣಿಕರಾದವರನ್ನು ನಾನು ಗೌರವಿಸುತ್ತೇನೆ. ಸಮನಾದ ಪ್ರೀತಿಯನ್ನು ಯಾರೂ ಆಜ್ಞೆಯಿಂದ ಹುಟ್ಟಿಸಲಾರರು, ಆಕೆ ಅದಕ್ಕಾಗಿ ಕೊರಗಬೇಕಾಗಿಲ್ಲ. ಅವನ ಚಿತ್ರಗಳನ್ನು ನೋಡುವುದು, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಆಕೆಯ ಕೈಯಲ್ಲಿದೆ. ಹುಡುಗ ನಿದ್ದೆ, ಊಟ, ಗೆಳೆಯರನ್ನು ವಾರಗಟ್ಟಲೆ ಬಿಟ್ಟರೆ ಅಥವಾ ಸಾಯುವ ಮಾತಾಡಿದರೆ ಕಾಯದೆ ಮನೋವೈದ್ಯರನ್ನು ಕಾಣಬೇಕೆಂದೂ ಇಬ್ಬರಿಗೂ ತಿಳಿಸಿದೆ.

ಚಿಲಕ ಬಂದಿದೆ, ಕೂಗಾಟ ಕಡಿಮೆಯಾಗಿದೆ. ಹುಡುಗ ಮಲತಾಯಿಯೊಂದಿಗೆ ಈಗಲೂ ಮಿತವಾಗಿಯೇ ಮಾತನಾಡುತ್ತಾನೆ. ಇಂಥ ಕುಟುಂಬಗಳು ಒಂದು ಹದಕ್ಕೆ ಬರಲು ವರ್ಷಗಳೇ ಹಿಡಿಯುತ್ತವೆ. ತಂದೆಗೆ ಮಗನೊಂದಿಗೆ ಕುಳಿತು ಮಾತನಾಡುವುದು ಇನ್ನೂ ಕಷ್ಟ. ಮುಂದಿನ ಭೇಟಿಗೆ ಅವರಿಬ್ಬರೇ ಬರುತ್ತಿದ್ದಾರೆ. ಪರೀಕ್ಷೆಯ ವರ್ಷದಲ್ಲಿ ವಾರಾಂತ್ಯಗಳನ್ನು ಎರಡು ಮನೆಗಳ ನಡುವೆ ಹೇಗೆ ಹಂಚಬೇಕೆಂಬುದನ್ನು ಹುಡುಗನನ್ನೇ ಮೊದಲು ಕೇಳಲಿದ್ದೇನೆ.