ಡಿಶ್‌ಗಳು ತಮ್ಮನಿಗೆ ಸಂದೇಶ ಕಳಿಸುತ್ತಿವೆಯಂತೆ

ಪ್ರಶ್ನೆ: ನಾವು ಹಾಸನದವರು. ತಮ್ಮನಿಗೆ 24 ವರ್ಷ. ಬಿ.ಇ. ಮುಗಿಸಿ ಮನೆಯಲ್ಲೇ ಇದ್ದಾನೆ. ಮೂರು ತಿಂಗಳಿಂದ ವಿಚಿತ್ರವಾಗಿ ಮಾತಾಡುತ್ತಾನೆ. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ಡಿಶ್‌ಗಳು ತನಗೇ ಸಂದೇಶ ಕಳಿಸುತ್ತಿವೆಯಂತೆ, ದೇಶ ಕಾಯಲು ತನ್ನನ್ನು ಆರಿಸಿದ್ದಾರಂತೆ. ವಾರ್ತೆ ಓದುವವರ ಸೀರೆ ಬಣ್ಣವೂ ಗುಟ್ಟಿನ ಸೂಚನೆಯಂತೆ. ರಾತ್ರಿ ನಿದ್ದೆ ಮಾಡುವುದಿಲ್ಲ. ಅಮ್ಮ ದೃಷ್ಟಿ ತೆಗೆಸಿದರು. ಚಿಕ್ಕಪ್ಪ ಮದುವೆ ಮಾಡಿ ಅನ್ನುತ್ತಾರೆ. ನಾನು ಅವನ ಜೊತೆ ವಾದ ಮಾಡಲಾ, ಹೂಂ ಅನ್ನಲಾ?

ಉತ್ತರ: ಎರಡೂ ಬೇಡ. ಆ ಡಿಶ್‌ಗಳು ಮಾತಾಡುವುದು 36,000 ಕಿ.ಮೀ. ಎತ್ತರದ ಉಪಗ್ರಹಗಳ ಜೊತೆ ಅಂತ ನೀವು ಹೇಳಿದರೆ, ‘ಅದನ್ನೇ ನಾನೂ ಹೇಳ್ತಿರೋದು’ ಅನ್ನುತ್ತಾನೆ. ಹೂಂ ಅಂದರೆ ಅವನ ಕಥೆಗೆ ನೀವೇ ಸಾಕ್ಷಿಯಾಗುತ್ತೀರಿ.

ಕಣ್ಣಿಗೆ ಬೀಳುವ ನೂರರಲ್ಲಿ ಯಾವುದು ಮುಖ್ಯ ಅಂತ ಗುರುತು ಹಾಕುವುದರಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾತ್ರವಿದೆ. ಸೈಕೋಸಿಸ್‌ನಲ್ಲಿ, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿಯಲ್ಲಿ, ಅದು ಏರುಪೇರಾಗಿ, ಸುಮ್ನೆ ಇರುವ ವಸ್ತುವಿಗೂ ಆ ಗುರುತು ಬೀಳುತ್ತದೆ ಎಂದು ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ವಿವರಿಸಿದರು. ‘ಇದರಲ್ಲಿ ಏನೋ ಇದೆ, ನನಗೇ ಇದೆ’ ಅನ್ನುವ ಅನಿಸಿಕೆ ಮೊದಲು. ಅದಕ್ಕೆ ಕಾರಣ ಹುಡುಕುತ್ತಾ ಕಥೆ ಆಮೇಲೆ ಹುಟ್ಟುತ್ತದೆ. ಕಥೆಗೆ ಬೇಕಾದ ಸಾಮಾನು ಊರಲ್ಲೇ ಸಿಗುತ್ತದೆ. ಹಾಸನದ ಹುಡುಗನಿಗೆ ಡಿಶ್ ಸಿಕ್ಕಿತು, ಅಷ್ಟೇ.

ಪತ್ರ ಓದಿ ಕಾಯಿಲೆಗೆ ಹೆಸರಿಡಲು ಆಗುವುದಿಲ್ಲ. ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ), ಗಾಂಜಾ, ಥೈರಾಯ್ಡ್ ತೊಂದರೆಯಲ್ಲೂ ಹೀಗಾಗಬಹುದು. ಪರೀಕ್ಷೆ ಆಗಲೇಬೇಕು. ನೀವು ಅವನ ನಿದ್ದೆಯ ಮಾತು ಹಿಡಿದುಕೊಳ್ಳಿ. ‘ನನಗೆ ಹಾಗೆ ಕಾಣಿಸ್ತಿಲ್ಲ ಕಣೋ, ಆದ್ರೆ ನೀನು ತುಂಬಾ ಸುಸ್ತಾಗಿದ್ದೀಯ. ನಿದ್ದೆಗಾದ್ರೂ ಡಾಕ್ಟರನ್ನ ನೋಡೋಣ’ ಅನ್ನಿ. ಇದರಲ್ಲಿ ಸುಳ್ಳೇನೂ ಇಲ್ಲ, ಅಲ್ವಾ? ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೇ ಮನೋವೈದ್ಯಕೀಯ ವಿಭಾಗವಿದೆ. ಅವನು ಬರದಿದ್ದರೆ ಮೊದಲು ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ಇಸ್ರೋ ಕೇಂದ್ರದ ಬೇಲಿ ಹಾರಲು ಹೋದರೆ, ಸಾಯುವ ಅಥವಾ ಹೊಡೆಯುವ ಮಾತಾಡಿದರೆ ಅವತ್ತೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಅಮ್ಮನನ್ನು ಬೈಯಬೇಡಿ. ಪೂಜೆಯೂ ಇರಲಿ, ಮಾತ್ರೆಯೂ ಇರಲಿ. ಮದುವೆ ಮಾತು ಮಾತ್ರ ಖಂಡಿತಾ ಬೇಡ. ಬೇರೆ ಮನೆಯ ಹುಡುಗಿ ಔಷಧಿಯಲ್ಲ. ಸಾರಿನಲ್ಲಿ ಮಾತ್ರೆ ಪುಡಿ ಮಾಡಿ ಹಾಕುವ ಸಲಹೆಯೂ ಬರುತ್ತದೆ, ಕೇಳಬೇಡಿ. ತನ್ನ ಹಿಂದೆ ಏನೋ ನಡೀತಿದೆ ಅಂತ ಅವನಿಗೆ ಮೊದಲೇ ಅನುಮಾನ. ಅದನ್ನು ನಿಜ ಮಾಡಬೇಡಿ.

ಇನ್ನೊಂದು ಮಾತು, ಜಾಸ್ತಿ ಜನ ಯೋಚಿಸದೇ ಇರುವುದು. ಮಾತ್ರೆ ಹಿಡಿಯಲು ಕೆಲವು ವಾರ ಬೇಕು. ಹಿಡಿದ ಮೇಲೆ ಮನೆಯವರಿಗೆಲ್ಲ ಖುಷಿ. ಅವನಿಗೆ? ನಿನ್ನೆಯವರೆಗೆ ದೇಶ ಕಾಯುತ್ತಿದ್ದವನು ಈಗ ಕೆಲಸ ಸಿಗದ ಬಿ.ಇ. ಹುಡುಗ. ನಾಚಿಕೆ, ಖಾಲಿತನ, ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ಆ ಹೊತ್ತಿಗೆ ಯಾರೋ ‘ಏನಪ್ಪಾ ಇಸ್ರೋ, ಸಿಗ್ನಲ್ ಬಂತಾ?’ ಅಂದರೆ ಮುಗೀತು. ಚಿಕ್ಕಪ್ಪನಿಗೆ ಈಗಲೇ ಹೇಳಿಡಿ. ಮನೆಯಲ್ಲಿ ಅವನೇ ನೋಡಿಕೊಳ್ಳಬೇಕಾದ ಒಂದು ನಿಜವಾದ ಕೆಲಸ ಕೊಡಿ, ಡೇರಿ ಲೆಕ್ಕವಾದರೂ ಸರಿ. ಹುಷಾರಾದ ಅಂತ ಮಾತ್ರೆ ನಿಲ್ಲಿಸಬೇಡಿ. ಮಂಕಾಗಿ ಕೂತರೆ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರಿಗೆ ತಿಳಿಸಿ.