ಕಪ್ಪಾದರೆ ಕಾಪಾಡಬಹುದು, ಬೆಳ್ಳಗಾದರೆ ಕಷ್ಟ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಜೇಬಲ್ಲಿ ಹಿಡಿಸುವ ಚಿಕ್ಕ ಕ್ಯಾಮೆರಾಗಳ ಬಗ್ಗೆಯೇ. ಬೀರುವಿನಲ್ಲಿ ಮಲಗಿದ್ದನ್ನು ಮತ್ತೆ ಹೊರಗೆ ತೆಗೆದಿದ್ದೀರಿ ಅಂತ ಕಾಣುತ್ತದೆ. ಸಂತೋಷ, ನನ್ನದೂ ಅಂಥದ್ದೇ.

ಪ್ರಶ್ನೆ: ಮಳೆಗಾಲದಲ್ಲಿ ಜೋಗಕ್ಕೆ ಹೋಗಿದ್ದೆವು. ಆಕಾಶವೂ ನೀರೂ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬಂದಿವೆ, ಬಂಡೆ ಮಾತ್ರ ಕಪ್ಪು. ಎಡಿಟ್ ಮಾಡಿದರೆ ಸರಿ ಹೋಗುತ್ತದೆಯೇ? (ಸಾಗರ)

ಬಂಡೆ ಸರಿ ಹೋಗುತ್ತದೆ. ಆಕಾಶ ಹೋಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕ್ಯಾಮೆರಾ ಸಾಮಾನ್ಯವಾಗಿ ಕೊಡುವ ಜೆಪೆಗ್ ಫೋಟೋದ ಪ್ರತಿ ಪಿಕ್ಸೆಲ್‌ನಲ್ಲಿ, ಅಂದರೆ ಪ್ರತಿ ಪುಟ್ಟ ಚೌಕದಲ್ಲಿ, ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರವರೆಗೆ ಒಂದು ಸಂಖ್ಯೆ ಇರುತ್ತದೆ. ಬಂಡೆಯ ಕತ್ತಲಲ್ಲಿ 10, 15, 22 ಅಂತ ಬೇರೆ ಬೇರೆ ಸಂಖ್ಯೆಗಳಿವೆ, ನಮ್ಮ ಕಣ್ಣಿಗೆ ಎಲ್ಲ ಒಂದೇ ಕಪ್ಪು ಅನ್ನಿಸುತ್ತದೆ ಅಷ್ಟೇ. ಅವನ್ನು ಮೇಲೆತ್ತಿದರೆ ಬಿರುಕು, ಪಾಚಿ, ಒದ್ದೆ ಹೊಳಪು ಎಲ್ಲ ಹೊರಗೆ ಬರುತ್ತವೆ. ಆಕಾಶದಲ್ಲಿ ಎಲ್ಲಿ ನೋಡಿದರೂ 255, ಅಂದರೆ ಪೂರ್ತಿ ಬಿಳಿ. ಅಲ್ಲಿ ಮೋಡ ಇತ್ತೋ ಮಂಜು ಇತ್ತೋ, ಫೈಲಿಗೇ ಗೊತ್ತಿಲ್ಲ.

ಕಂಪ್ಯೂಟರಿಗೆ ಬಿಟ್ಟಿ ಸಿಗುವ ಜಿಂಪ್ ಎಂಬ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಲರ್ಸ್ ಮೆನುವಿನ ಕರ್ವ್ಸ್ ತೆರೆಯಿರಿ. ಮೂಲೆಯಿಂದ ಮೂಲೆಗೆ ಒಂದು ಗೆರೆ ಇರುತ್ತದೆ. ಅದರ ಎಡಗಡೆ ಕೆಳಭಾಗವನ್ನು ಹಿಡಿದು ಸ್ವಲ್ಪ ಮೇಲಕ್ಕೆ ಎಳೆಯಿರಿ, ಬಲಗಡೆಯದನ್ನು ಮುಟ್ಟಬೇಡಿ. ಜಾಸ್ತಿ ಎಳೆದರೆ ಬಂಡೆಯ ಮೇಲೆ ಗಸಗಸೆ ಚೆಲ್ಲಿದ ಹಾಗೆ ಚುಕ್ಕಿಗಳು ಏಳುತ್ತವೆ. ಈ ಕ್ಯಾಮೆರಾಗಳಲ್ಲಿ ಬಹಳಷ್ಟರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಉದ್ದ ಸುಮಾರು 6 ಮಿಲಿಮೀಟರ್, ಅಗಲ ನಾಲ್ಕೂವರೆ. ಒಂದು ಕಡಲೆಬೇಳೆಯಷ್ಟು ಜಾಗ ಅನ್ನಿ, ಅದರಿಂದ ಎಷ್ಟು ಅಂತ ಹಿಂಡೋದು?

ಆಕಾಶವನ್ನು ಆದಷ್ಟು ಕತ್ತರಿಸಿ ತೆಗೆಯಿರಿ. ಈಗ ಕೆಲವು ಆ್ಯಪ್‌ಗಳು ನೀಲಿ ಆಕಾಶ ಅಂಟಿಸಿ ಕೊಡುತ್ತವೆ, ದಯವಿಟ್ಟು ಬೇಡ. ಮಳೆಗಾಲದ ಜೋಗಕ್ಕೆ ಬೆಳ್ಳನೆ ಆಕಾಶವೇ ಸರಿ ಅಲ್ವಾ? ಮುಂದಿನ ಸಲ ಪ್ಲಸ್-ಮೈನಸ್ ಗುರುತಿನ ಬಟನ್ ಒತ್ತಿ ಮೈನಸ್ 0.7ಕ್ಕೆ ಇಟ್ಟು ತೆಗೆಯಿರಿ. ಕ್ಯಾಮೆರಾದ ಪರದೆಯಲ್ಲಿ ಫೋಟೋ ಮಂಕಾಗಿ ಕಾಣುತ್ತದೆ, ಕಾಣಲಿ. ಉಳಿದದ್ದನ್ನು ಮನೆಗೆ ಬಂದು ಎತ್ತಿಕೊಳ್ಳಬಹುದು.

ಪ್ರಶ್ನೆ: ಬಯಲಾಟದಲ್ಲಿ ತೆಗೆದ ವೇಷಗಳ ಫೋಟೋ ಎಲ್ಲ ಅಲುಗಾಡಿವೆ. ಶಾರ್ಪನ್ ಎಷ್ಟು ಎಳೆದರೂ ಆಗುತ್ತಿಲ್ಲ. (ಕುಂದಾಪುರ)

ಅಲುಗಾಡಿದ್ದು ಅಲುಗಾಡಿದ್ದೇ. ಶಾರ್ಪನ್ ಮಾಡೋದು ಇಷ್ಟೇ: ಅಂಚಿನ ಒಂದು ಕಡೆಯನ್ನು ಇನ್ನಷ್ಟು ಕಪ್ಪು, ಇನ್ನೊಂದು ಕಡೆಯನ್ನು ಇನ್ನಷ್ಟು ಬೆಳಕು ಮಾಡುತ್ತದೆ. ಅಂಚೇ ಅಳಿಸಿ ಹೋಗಿದ್ದರೆ ಅದು ತಾನೇ ಏನು ಮಾಡೀತು.

ಆದರೂ ಎಸೆಯುವ ಮೊದಲು ಒಮ್ಮೆ ದೊಡ್ಡದು ಮಾಡಿ ನೋಡಿ. ರಂಗದ ಕಂಬ, ಹಿಂದಿನ ಪರದೆ ಎಲ್ಲವೂ ಅಲುಗಾಡಿದ್ದರೆ ನಿಮ್ಮ ಕೈ ನಡುಗಿದೆ, ಬಿಟ್ಟುಬಿಡಿ. ಕಂಬ ಸ್ಪಷ್ಟ ಇದ್ದು, ಮುಖವೂ ಸುಮಾರಾಗಿ ನಿಂತು, ಕೈ ಮತ್ತು ಗೆಜ್ಜೆಕಾಲು ಮಾತ್ರ ಹರಿದ ಹಾಗೆ ಬಂದಿದ್ದರೆ ಅದು ಕುಣಿತ, ಅದನ್ನು ಇಟ್ಟುಕೊಳ್ಳಿ. ಕೆಂಪು, ಹಸಿರು ಚುಕ್ಕಿಗಳು ತುಂಬಿದ್ದರೆ ನಾಯ್ಸ್ (ಆ ಚುಕ್ಕಿಗಳಿಗೆ ಇರುವ ಹೆಸರು) ತೆಗೆಯುವ ಕಡೆ ಬಣ್ಣದ ನಾಯ್ಸ್ ಅನ್ನು ಮಾತ್ರ ಇಳಿಸಿ, ಬೆಳಕಿನ (ಲ್ಯೂಮಿನನ್ಸ್) ನಾಯ್ಸ್ ಅನ್ನು ಮುಟ್ಟಿದರೆ ಮುಖವರ್ಣಿಕೆ ಮೇಣದ ಗೊಂಬೆಯಂತೆ ನಯವಾಗುತ್ತದೆ. ಆಮೇಲೆ 4000 ಪಿಕ್ಸೆಲ್ ಅಗಲದ ಫೋಟೋವನ್ನು 2000ಕ್ಕೆ ಇಳಿಸಿ. ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತದೆ, ಅರ್ಧ ಗಲೀಜು ತಾನಾಗಿಯೇ ಹೋಗುತ್ತದೆ. ಹಲವರು ಇಂಥದ್ದನ್ನು ಕಪ್ಪು-ಬಿಳುಪು ಮಾಡಿ ಅನ್ನುತ್ತಾರೆ, ಯಕ್ಷಗಾನಕ್ಕೆ ಹಾಗೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಭಾಗವತರ ಪದ ಮುಗಿದು ವೇಷ ಮಾತಿಗೆ ನಿಂತಾಗ ಕ್ಲಿಕ್ಕಿಸಿ ನೋಡಿ. ಫ್ಲ್ಯಾಶ್ ಬೇಡ, ಅದು ಮೂರು-ನಾಲ್ಕು ಮೀಟರಿಗೆ ಸುಸ್ತಾಗುತ್ತದೆ. ಮುಂದೆ ಕೂತವರ ತಲೆಗಳಷ್ಟೇ ಬೆಳಗುತ್ತವೆ.

ಪ್ರಶ್ನೆ: ಮನೆಯ ಪೂಜೆಯ ಫೋಟೋದಲ್ಲಿ ಅಪ್ಪನ ಬಿಳಿ ಪಂಚೆ ಅರಿಶಿನದ ನೀರಲ್ಲಿ ಅದ್ದಿದ ಹಾಗಿದೆ. (ಹಾಸನ)

ಆ ಪಂಚೆಯೇ ನಿಮಗೆ ಮದ್ದು. ಜಿಂಪ್‌ನ ಕಲರ್ಸ್ ಮೆನುವಿನ ಲೆವೆಲ್ಸ್‌ನಲ್ಲಿ ಮೂರು ಡ್ರಾಪರ್ ಇವೆ, ಫೋಟೋದಿಂದ ಬಣ್ಣ ಆರಿಸುವ ಪಿಚಕಾರಿಯಂಥ ಗುರುತುಗಳು. ನಡುವಿನ ಬೂದು ಡ್ರಾಪರ್ ತೆಗೆದುಕೊಂಡು ಪಂಚೆಯ ಮಡಿಕೆಯ ನೆರಳಲ್ಲಿ ಕ್ಲಿಕ್ ಮಾಡಿ. ಹೊಳೆಯುವ ಕಡೆ ಮಾಡಬೇಡಿ, ಅಲ್ಲಿ ಮತ್ತದೇ 255ರ ಕಥೆ. ಮೊಬೈಲ್‌ನಲ್ಲಾದರೆ ಸ್ನ್ಯಾಪ್‌ಸೀಡ್ ಆ್ಯಪ್‌ನ ವೈಟ್ ಬ್ಯಾಲೆನ್ಸ್‌ನಲ್ಲೂ ಡ್ರಾಪರ್ ಇದೆ. ಪೂರ್ತಿ ಬಿಳಿ ಆದಮೇಲೆ ಒಂಚೂರು ಹಳದಿ ವಾಪಸ್ ಕೊಡಿ, ಇಲ್ಲದಿದ್ದರೆ ದೀಪದ ಬೆಳಕು ಟ್ಯೂಬ್‌ಲೈಟಿನಂತೆ ಕಾಣುತ್ತದೆ.

ಪ್ರಶ್ನೆ: ಪ್ರಿಂಟ್ ಹಾಕಿಸಿದರೆ ತಲೆಗಳು ಕಟ್ ಆಗುತ್ತವೆ. ಲ್ಯಾಬ್‌ನವರ ತಪ್ಪೇ? (ಧಾರವಾಡ)

ಇಲ್ಲ, ಲೆಕ್ಕದ ತಪ್ಪು. ನಿಮ್ಮ ಕ್ಯಾಮೆರಾದ ಫೋಟೋ 4:3 ಆಕಾರದ್ದು, 6 ಇಂಚು × 4 ಇಂಚಿನ ಕಾಗದ 3:2ರದ್ದು. 3000 ಪಿಕ್ಸೆಲ್ ಎತ್ತರದಲ್ಲಿ ಸುಮಾರು 333 ಹೋಗಲೇಬೇಕು, ಅಂದರೆ ಒಂಬತ್ತರಲ್ಲಿ ಒಂದು ಪಾಲು. ನಮ್ಮ ಮನೆಯ ಮದುವೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನ ದೊಡ್ಡಪ್ಪನ ಪೇಟ ಹೀಗೇ ಹೋಯಿತು, ಅವರು ಇನ್ನೂ ಅದನ್ನು ಎತ್ತಿ ಆಡುತ್ತಾರೆ. ನೀವೇ 3:2ಕ್ಕೆ ಕ್ರಾಪ್ ಮಾಡಿ ಕೊಡಿ, ಕೆಳಗಿನ ಚಪ್ಪಲಿಗಳು ಹೋಗಲಿ. ಈ ಅಳತೆಗೆ 1800 × 1200 ಪಿಕ್ಸೆಲ್ ಸಾಕು.

ಪ್ರಶ್ನೆ: ಎಡಿಟ್ ಮಾಡಿದ್ದನ್ನು ಅದೇ ಹೆಸರಲ್ಲಿ ಸೇವ್ ಮಾಡಬಹುದೇ? (ಮೈಸೂರು)

ಬೇಡ. ಅಜ್ಜಿಯ ಒಂದು ಫೋಟೋವನ್ನು ಮೇಲ್‌ನಲ್ಲಿ ಕಳಿಸಲು 640 ಪಿಕ್ಸೆಲ್‌ಗೆ ಇಳಿಸಿ, ಅದೇ ಹೆಸರಲ್ಲಿ ಸೇವ್ ಒತ್ತಿದವನು ನಾನು. ಈಗ ಇರೋದು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಅಜ್ಜಿ.

ಪ್ರಶ್ನೆ: ಫ್ಲ್ಯಾಶ್‌ಗೆ ನಮ್ಮ ಬೆಕ್ಕಿನ ಕಣ್ಣು ಹಸಿರಾಗಿ ಹೊಳೆದಿದೆ. ರೆಡ್ ಐ ಟೂಲ್ ಕೆಲಸ ಮಾಡುತ್ತಿಲ್ಲ. (ತುಮಕೂರು)

ಅದು ಹುಡುಕೋದು ಕೆಂಪನ್ನು, ಹಸಿರನ್ನು ಅಲ್ಲ. ಮೆತ್ತಗಿನ ಅಂಚಿನ ಬ್ರಷ್ ಹಿಡಿದು ಹೊಳೆಯುವ ಜಾಗಕ್ಕೆ ಕಪ್ಪು ಬಳಿಯಿರಿ. ಮೇಲ್ಗಡೆ ಒಂದು ಸಣ್ಣ ಬಿಳಿ ಚುಕ್ಕಿ ಉಳಿಸಿ, ಇಲ್ಲದಿದ್ದರೆ ಬೆಕ್ಕಿಗೆ ಕಣ್ಣೇ ಇಲ್ಲದ ಹಾಗೆ ಕಾಣುತ್ತದೆ.