ಕೇಳಿ, ಹೇಳುತ್ತೇವೆ: 1987ರ ಟಿ.ವಿ. ವರ್ಷ

ಕಳೆದ ಸಂಚಿಕೆಯಲ್ಲಿ 1987ರ ಟಿ.ವಿ. ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ತಾರೀಕಿನ ಜಗಳ, ಉಳಿದರ್ಧ ಹಳೆ ಸಾಮಾನಿನ ಚಿಂತೆ. ಎರಡಕ್ಕೂ ಇಲ್ಲಿ ಉತ್ತರ ಉಂಟು.

ಪ್ರಶ್ನೆ: ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆ ವಿದ್ಯಾರ್ಥಿಗಳ ನೆನಪು ಬರೆಸುತ್ತಿದ್ದೇವೆ. 'ರಾಮಾಯಣ', 'ಮಹಾಭಾರತ', 'ಮಿಲೇ ಸುರ್ ಮೇರಾ ತುಮ್ಹಾರಾ', ರಿಲಯನ್ಸ್ ವಿಶ್ವಕಪ್ ಎಲ್ಲವೂ 1987ರದ್ದೇ ಎಂದು ಹೆಚ್ಚಿನವರು ಬರೆದಿದ್ದಾರೆ. ಸರಿಯೇ? — ಕಾಪುವಿನ ಶಿಕ್ಷಕಿ

ಅರ್ಧ ಸರಿ. ರಮಾನಂದ ಸಾಗರರ 'ರಾಮಾಯಣ' ಶುರುವಾದದ್ದು 1987ರ ಜನವರಿ 25ರಂದು, ಭಾನುವಾರ ಬೆಳಿಗ್ಗೆ. ಮುಗಿದದ್ದು 1988ರ ಜುಲೈ 31ಕ್ಕೆ. ಅಂದರೆ 1987ರಲ್ಲಿ ಯಾರೂ ಅದನ್ನು ಪೂರ್ತಿ ನೋಡಿರಲು ಸಾಧ್ಯವಿಲ್ಲ. ಮೊದಲು 52 ಕಂತು ಎಂದಿದ್ದದ್ದು ಬೆಳೆದು 78 ಆಯಿತು. ವಿಶ್ವಕಪ್ 1987ರ ಅಕ್ಟೋಬರ್ 8ರಿಂದ ನವೆಂಬರ್ 8ರವರೆಗೆ ನಡೆಯಿತು.

ಬಿ.ಆರ್. ಚೋಪ್ರಾರ 'ಮಹಾಭಾರತ' 1988ರ ಅಕ್ಟೋಬರ್ 2ರಿಂದ. ಭೀಮಸೇನ ಜೋಶಿಯವರ ದನಿಯಿಂದ ಶುರುವಾಗುವ 'ಮಿಲೇ ಸುರ್' 1988ರ ಆಗಸ್ಟ್ 15ರದ್ದು. ಈ ಎರಡನ್ನು 1987ರ ಪುಟದಿಂದ ತೆಗೆಯಿರಿ.

ಬರೆದವರ ನೆನಪನ್ನು ಅಳಿಸಿಹಾಕಬೇಡಿ, ತಾರೀಕು ಮಾತ್ರ ತಿದ್ದಿ. ಅದಕ್ಕೊಂದು ದಾರಿ ಹೀಗೆ. ಅವರು ಯಾವ ದೃಶ್ಯ ನೋಡಿದ್ದೆಂದು ಕೇಳಿ. ರಾವಣವಧೆ ನೋಡಿದ ನೆನಪಿದ್ದರೆ ಅದು 1988. ಅವತ್ತು ಶಾಲೆ ಇತ್ತೇ, ರಜೆಯೇ ಎಂದು ಕೇಳಿ. ಆಮೇಲೆ ಗ್ರಂಥಾಲಯದಲ್ಲಿ ದಿನಪತ್ರಿಕೆಯ ಹಳೆ ಕಡತ ತೆಗೆಸಿ, ಆ ದಿನದ ಪತ್ರಿಕೆಯೊಂದಿಗೆ ಮರುದಿನದ್ದನ್ನೂ ನೋಡಿ. ಅವತ್ತಿನ ಪಟ್ಟಿಯಲ್ಲಿರುವುದು ಪ್ರಸಾರ ಮಾಡಬೇಕೆಂದುಕೊಂಡದ್ದು. ಗಣ್ಯರು ತೀರಿಕೊಂಡರೆ, ಪಂದ್ಯ ಎಳೆದರೆ ಪಟ್ಟಿ ಬದಲಾಗುತ್ತಿತ್ತು. ನಿಜಕ್ಕೂ ಬಂದದ್ದೇನು ಎಂಬುದು ಮರುದಿನದ ಸುದ್ದಿಯಲ್ಲಿ ಸಿಗುತ್ತದೆ.

ಹಿಂದಿ ಬಾರದ ಅಜ್ಜಿಯಂದಿರು ಹಾಗೆ ಕೂತು ನೋಡಿದ್ದು ಹೇಗೆ ಎಂದೂ ನೀವು ಕೇಳಿದ್ದೀರಿ. ತಾಳಮದ್ದಲೆಯಲ್ಲಿ ವಾಲಿವಧೆಯ ವಾದವನ್ನು ರಾತ್ರಿಯಿಡೀ ಕೇಳಿದ ಊರಿದು. ಪರದೆಯ ಮೇಲೆ ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಸ್ಮರಣ ಸಂಚಿಕೆಯಲ್ಲಿ ಇದಕ್ಕೊಂದು ಪುಟ ಕೊಡಿ ಎಂಬುದು ನಮ್ಮ ಆಸೆ.

ಪ್ರಶ್ನೆ: ಆ ವಿಶ್ವಕಪ್‌ನಲ್ಲಿ ಭಾರತ ಒಂದು ರನ್ನಿಂದ ಸೋತ ಪಂದ್ಯದಲ್ಲಿ ಎದುರಾಳಿಗೆ ಆಮೇಲೆ ಎರಡು ರನ್ ಸೇರಿಸಿದರಂತೆ. ಇದು ನಿಜವೋ, ಕಟ್ಟುಕತೆಯೋ? — ಸುರತ್ಕಲ್‌ನ ಓದುಗ

ನಿಜ. 1987ರ ಅಕ್ಟೋಬರ್ 9, ಚೆನ್ನೈ, ಆಸ್ಟ್ರೇಲಿಯದ ಎದುರು. ಡೀನ್ ಜೋನ್ಸ್ ಹೊಡೆದ ಒಂದು ಹೊಡೆತಕ್ಕೆ ಬೌಂಡರಿ ಎಂದು ಕೈ ತೋರಿಸಲಾಗಿತ್ತು. ಇನಿಂಗ್ಸ್ ಮುಗಿದ ಮೇಲೆ ಅದು ಸಿಕ್ಸರ್ ಎಂದು ತಿದ್ದುಪಡಿಯಾಯಿತು. ಕಪಿಲ್ ದೇವ್ ಒಪ್ಪಿದರು, 268 ಇದ್ದದ್ದು 270 ಆಯಿತು. ಭಾರತ 49.5 ಓವರಿನಲ್ಲಿ 269ಕ್ಕೆ ಆಲೌಟ್. ಕೊನೆಗೆ ಸ್ಟೀವ್ ವಾ ಎಸೆತಕ್ಕೆ ಮಣಿಂದರ್ ಸಿಂಗ್ ಬೌಲ್ಡ್.

ಅದೇ ಕೂಟದಲ್ಲಿ ಅಕ್ಟೋಬರ್ 31ರಂದು ನಾಗಪುರದಲ್ಲಿ ನಡೆದ ಪಂದ್ಯ ನೋಡಿದವರು ಪುಣ್ಯವಂತರು. ನ್ಯೂಜಿಲೆಂಡ್ ವಿರುದ್ಧ ಚೇತನ್ ಶರ್ಮಾ ಹ್ಯಾಟ್ರಿಕ್, ಅದೂ ಮೂವರೂ ಬೌಲ್ಡ್. ವಿಶ್ವಕಪ್‌ನ ಮೊದಲ ಹ್ಯಾಟ್ರಿಕ್ ಅದು. ಬಳಿಕ ಗಾವಸ್ಕರ್ 88 ಎಸೆತಕ್ಕೆ ಔಟಾಗದೆ 103. ಅವರ ಏಕದಿನ ಬಾಳಿನ ಒಂದೇ ಒಂದು ಶತಕ. ಗುಂಪಿನಲ್ಲಿ ಮೊದಲ ಸ್ಥಾನ ಬೇಕಿದ್ದರೆ ಬೇಗ ಗೆಲ್ಲಬೇಕಿತ್ತು. 222ರ ಗುರಿಯನ್ನು 32.1 ಓವರಿನಲ್ಲಿ ಮುಟ್ಟಿದರು. ಸೆಮಿಫೈನಲ್ ಲಾಹೋರಿಗೆ ಹೋಗದೆ ಮುಂಬಯಿಗೆ ಬಂದದ್ದು ಅದರಿಂದ. ಅಲ್ಲಿ ನವೆಂಬರ್ 5ರಂದು ಇಂಗ್ಲೆಂಡಿನ ಗೂಚ್ 115 ಹೊಡೆದು ಆಸೆಗೆ ತಣ್ಣೀರು ಎರಚಿದರು. ಭಾರತ 35 ರನ್ನಿಂದ ಸೋತಿತು.

ಪ್ರಶ್ನೆ: ಬೇಸಗೆಯ ಸಂಜೆ ನಮ್ಮ ಆಂಟೆನಾದಲ್ಲಿ ಹೊರದೇಶದ ಟಿ.ವಿ. ಬರುತ್ತಿತ್ತು ಎಂದು ಅಪ್ಪ ಹೇಳುತ್ತಾರೆ. ಮನೆಯಲ್ಲಿ ಯಾರೂ ನಂಬುವುದಿಲ್ಲ. — ಮಲ್ಪೆಯ ಓದುಗ

ಅಪ್ಪನ ಮಾತನ್ನು ನಂಬಿ. ಟಿ.ವಿ. ಅಲೆಗಳು ಸಾಧಾರಣವಾಗಿ ನೇರ ಹೋಗುತ್ತವೆ, ದಿಗಂತ ದಾಟಿದರೆ ಕೈಗೆ ಸಿಗುವುದಿಲ್ಲ. ಬೇಸಗೆಯಲ್ಲಿ ಸಮುದ್ರಕ್ಕೆ ತಾಗಿದ ಗಾಳಿ ತಂಪಾಗಿ, ತೇವವಾಗಿ ಇರುತ್ತದೆ. ಅದರ ಮೇಲೆ ಬಿಸಿಯಾದ ಒಣ ಗಾಳಿಯ ಪದರ ಬಂದು ಕೂರುತ್ತದೆ. ಈ ಎರಡರ ನಡುವೆ ಸಿಕ್ಕಿದ ಅಲೆ ಬಾಗಿ ಬಾಗಿ ನೀರಿನ ಮೇಲೆಯೇ ನೂರಾರು ಕಿಲೋಮೀಟರ್ ಸಾಗುತ್ತದೆ. ಅರಬ್ಬೀ ಸಮುದ್ರದ ಮೇಲೆ ಹೀಗಾಗುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಮುಂಗಾರಿನ ಗಾಳಿ ಎದ್ದ ಕೂಡಲೇ ಪದರ ಕಲಸಿಹೋಗಿ ಚಿತ್ರ ನಿಲ್ಲುತ್ತದೆ. ಜೂನ್ ನಂತರ ಬರುತ್ತಿರಲಿಲ್ಲ ಎಂದು ಅಪ್ಪ ಹೇಳಿದರೆ ಲೆಕ್ಕ ಸರಿಯಾಯಿತು.

ಪ್ರಶ್ನೆ: 1987ರ ಒಂದು ಮನೆಯ ಜಗಲಿಯನ್ನು ರಂಗದ ಮೇಲೆ ತರಬೇಕು. ಹಳೆ ಕಪ್ಪು-ಬಿಳುಪು ಟಿ.ವಿ. ಸಿಕ್ಕಿದೆ. ಆಂಟೆನಾ ಹೇಗೆ ಮಾಡುವುದು? ಟಿ.ವಿ.ಯಲ್ಲಿ ನಿಜವಾಗಿ ಚಿತ್ರ ಬರಿಸಬಹುದೇ? — ಮಣಿಪಾಲದ ನಾಟಕ ತಂಡ

ಆಂಟೆನಾ ಮೊದಲು. ಆಗ ಚಾನೆಲ್ ಎಷ್ಟನೆಯದೋ ಅದಕ್ಕೆ ತಕ್ಕಂತೆ ಕೋಲಿನ ಉದ್ದ ಇರುತ್ತಿತ್ತು. 143ನ್ನು ಆ ಚಾನೆಲಿನ ಅಲೆಯ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮುಖ್ಯ ಕೋಲಿನ ಉದ್ದ ಮೀಟರಿನಲ್ಲಿ ಸಿಗುತ್ತದೆ. 4ನೇ ಚಾನೆಲ್‌ಗೆ ಅದು ಸುಮಾರು 2.2 ಮೀಟರ್, ರಂಗಕ್ಕೆ ತೀರಾ ದೊಡ್ಡದು. 5ನೇ ಚಾನೆಲ್‌ನ ಅಳತೆ ತೆಗೆದುಕೊಳ್ಳಿ: 10 ಮಿ.ಮೀ. ಅಲ್ಯೂಮಿನಿಯಂ ಪೈಪು, ಮಡಚಿದ ಮುಖ್ಯ ಕೋಲು 80 ಸೆಂ.ಮೀ., ಅದರ ಹಿಂದೆ 34 ಸೆಂ.ಮೀ. ದೂರದಲ್ಲಿ 85 ಸೆಂ.ಮೀ.ಯದ್ದೊಂದು, ಮುಂದೆ ತಲಾ 30 ಸೆಂ.ಮೀ. ಅಂತರದಲ್ಲಿ 75, 74, 73 ಸೆಂ.ಮೀ.ಯ ಮೂರು. ನಡುವಿನ ದಂಡ 1.3 ಮೀಟರ್ ಸಾಕು. ನಾಟಕಗಳಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತದೆ. ಎಲ್ಲ ಕೋಲನ್ನೂ ಒಂದೇ ಉದ್ದಕ್ಕೆ ಕತ್ತರಿಸುವುದು ಒಂದು. ಉದ್ದ ಕೋಲಿನ ಬದಿಯನ್ನು ಪ್ರಸಾರ ಕೇಂದ್ರದತ್ತ ತಿರುಗಿಸುವುದು ಇನ್ನೊಂದು. ಗಿಡ್ಡ ಕೋಲಿನ ತುದಿಯೇ ಕೇಂದ್ರದ ಕಡೆಗಿರಬೇಕು.

ನಿಮ್ಮ ಪಾತ್ರ ಮಾಡಿಗೆ ಹತ್ತಿ ಆಂಟೆನಾ ತಿರುಗಿಸುವ ದೃಶ್ಯವಿದ್ದರೆ, ಒಳಗಿನವರು "ಬಂತು, ಬಂತು, ಹೋಯ್ತು" ಎಂದು ಕೂಗುವುದಕ್ಕೆ ಕಾರಣವೂ ಬೇಕಲ್ಲ. ಕರಾವಳಿಯಲ್ಲಿ ಅದು ಹೆಚ್ಚಾಗಿ ಉಪ್ಪುಗಾಳಿ. ಅಲ್ಯೂಮಿನಿಯಂ ಕೋಲಿಗೆ ತಾಮ್ರದ ವಯರ್ ಬಿಗಿದ ಜಾಗದಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಸಂಪರ್ಕ ಆಗಾಗ ಬಿಡುತ್ತದೆ. ಚಪ್ಪಟೆ ಪಟ್ಟಿ ವಯರಿನ ಮೇಲೆ ಉಪ್ಪು ಕೂತು ಮಳೆ ಬಿದ್ದರೆ ಪರದೆಯ ತುಂಬ ಚುಕ್ಕಿ. ಗುಡ್ಡ ಹತ್ತಿರ ಇರುವ ಊರಲ್ಲಿ ತೊಂದರೆ ಬೇರೆ: ಪ್ರತಿಯೊಬ್ಬ ನಟನ ಬಲಕ್ಕೆ ಒಂದು ಮಸುಕು ನೆರಳು. ನೇರ ಬಂದ ಅಲೆಗಿಂತ ಗುಡ್ಡಕ್ಕೆ ತಾಗಿ ಬಂದದ್ದು ತಡವಾಗಿ ತಲುಪುತ್ತದೆ. 40 ಸೆಂ.ಮೀ. ಅಗಲದ ಪರದೆಯಲ್ಲಿ ನೆರಳು ಒಂದೂವರೆ ಸೆಂ.ಮೀ. ಸರಿದಿದ್ದರೆ ಆ ಅಲೆ ಸುಮಾರು 600 ಮೀಟರ್ ಹೆಚ್ಚು ಸುತ್ತಿದೆ ಎಂದರ್ಥ.

ಇನ್ನು ಟಿ.ವಿ. ಮೂವತ್ತು ವರ್ಷ ಅಟ್ಟದಲ್ಲಿದ್ದದ್ದನ್ನು ಸೀದಾ ಪ್ಲಗ್ಗಿಗೆ ಹಾಕಲೇಬೇಡಿ. ಒಳಗಿನ ಕೆಪಾಸಿಟರ್‌ಗಳು ಒಣಗಿರುತ್ತವೆ. ಹಳೆ ಮೆಕ್ಯಾನಿಕ್ ಹತ್ತಿರ ಕೊಡಿ. ಅವರು 100 ವಾಟಿನ ತಂತಿ ಬಲ್ಬನ್ನು ಸರಣಿಯಲ್ಲಿ ಹಾಕಿ ನೋಡುತ್ತಾರೆ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಆಸೆ ಇದೆ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ನಿಂತಿರಬಹುದು. ಹಿಂದಿನ ಮುಚ್ಚಳ ನೀವು ತೆಗೆಯಬೇಡಿ.

ಆ ಟಿ.ವಿ. ಹಿಡಿಯುವಂಥ ಪ್ರಸಾರ ಈಗ ಇಲ್ಲ, ಚಿತ್ರವನ್ನು ನೀವೇ ಕೊಡಬೇಕು. ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ-ಎವಿ ಕನ್ವರ್ಟರ್, ಅದರಿಂದ ಆರ್.ಎಫ್. ಮಾಡ್ಯುಲೇಟರ್ (ಚಿತ್ರವನ್ನು ಟಿ.ವಿ. ಚಾನೆಲಿನ ಅಲೆಯಾಗಿಸುವ ಪೆಟ್ಟಿಗೆ), ಅದರಿಂದ 75-300 ಓಮ್ ಬಾಲನ್ (ದುಂಡು ಕೇಬಲನ್ನು ಹಳೆ ಆಂಟೆನಾ ಸ್ಕ್ರೂಗಳಿಗೆ ಹೊಂದಿಸುವ ತುಂಡು), ಅಲ್ಲಿಂದ ಟಿ.ವಿ.ಯ ಹಿಂದಿನ ಎರಡು ಸ್ಕ್ರೂ. ಕನ್ವರ್ಟರಿನ ಬದಿಯ ಸಣ್ಣ ಸ್ವಿಚ್ 'ಪಾಲ್' (ನಮ್ಮ ದೇಶದ ಟಿ.ವಿ. ಪದ್ಧತಿ) ಕಡೆ ಇರಲಿ. ಎನ್‌ಟಿಎಸ್‌ಸಿ ಕಡೆ ಇದ್ದರೆ ಚಿತ್ರ ಮೇಲಕ್ಕೆ ಉರುಳುತ್ತಲೇ ಇರುತ್ತದೆ. ಡಿಶ್ ಛತ್ರಿ, ಕೇಬಲ್ ಪೆಟ್ಟಿಗೆ ಜಗಲಿಯಲ್ಲಿ ಕಾಣದಿರಲಿ; ಅವು 1990ರ ದಶಕದವು.

ಪ್ರಶ್ನೆ: 'ಮಾಲ್ಗುಡಿ ಡೇಸ್' ನಮ್ಮ ಕಡೆ ತೆಗೆದದ್ದಲ್ಲವೇ? — ಹೆಬ್ರಿಯ ಓದುಗ

ನಿಮ್ಮಿಂದ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲಿ. ಶಂಕರ್‌ನಾಗ್ ನಿರ್ದೇಶನ, 1986ರ ನಿರ್ಮಾಣ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಅಲ್ಲಿನ ದೊಡ್ಡಮನೆ ಇಂದಿಗೂ ಜನ ವಾಸವಿರುವ ಮನೆ. ನೋಡಲು ಹೋಗುವವರು ಕೇಳಿಯೇ ಒಳಗೆ ಕಾಲಿಡಿ.

ಪ್ರಶ್ನೆ: ದೊಡ್ಡಪ್ಪ ವಿಶ್ವಕಪ್ ಫೈನಲನ್ನು ರೆಕಾರ್ಡ್ ಮಾಡಿಟ್ಟ ವಿ.ಎಚ್.ಎಸ್. ಕ್ಯಾಸೆಟ್ ಸಿಕ್ಕಿದೆ. ಒಳಗೆ ಬಿಳಿ ಬಿಳಿ ಕಾಣುತ್ತದೆ. ವಿ.ಸಿ.ಆರ್.ಗೆ ಹಾಕಬಹುದೇ? — ಕುಂದಾಪುರದ ಓದುಗರು

ಹಾಕಬೇಡಿ. ಅದು ಬೂಷ್ಟು. ಒಮ್ಮೆ ಓಡಿಸಿದರೆ ವಿ.ಸಿ.ಆರ್.ನ ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಟಿಕೊಂಡ ಕಡೆ ಟೇಪು ಹರಿಯಲೂಬಹುದು.

ಕ್ಯಾಸೆಟ್ಟಿನ ಕಿಟಕಿಗೆ ಓರೆಯಾಗಿ ಟಾರ್ಚ್ ಹಿಡಿದು ಸುತ್ತಿನ ಅಂಚನ್ನು ನೋಡಿ. ಅಂಚು ಕಪ್ಪಾಗಿ, ಮಟ್ಟಸವಾಗಿ ಹೊಳೆದರೆ ಚೆನ್ನಾಗಿದೆ. ಜೇಡರ ಬಲೆಯ ಹಾಗೆ ಎಳೆಯೋ ಪುಡಿಯೋ ಕಂಡರೆ ಬೂಷ್ಟು. ಮೊದಲು ರೆಕಾರ್ಡ್ ಆಗದಂತೆ ಬೆನ್ನಿನ ತುದಿಯ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಬಳಿಕ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ ಒಂದೆರಡು ವಾರ ಇಡಿ. ಹಸಿ ಬೂಷ್ಟನ್ನು ಒರೆಸಿದರೆ ಬಳಿದ ಹಾಗಾಗುತ್ತದೆ, ಒಣಗಿದರೆ ಉದುರುತ್ತದೆ. ನೀಲಿ ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಈ ಕೆಲಸಕ್ಕೆ ಜನವರಿ-ಫೆಬ್ರವರಿ ಒಳ್ಳೆಯದು, ಆಟಿಯ ಮಳೆಯಲ್ಲಿ ಕೈಹಾಕಬೇಡಿ.

ಒಣಗಿದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಕೂತು ಬಿಚ್ಚಿ. ಅಡಿಯಲ್ಲಿ ಐದು ಸ್ಕ್ರೂ. ಬಿಚ್ಚಿದ ಮೇಲೆ ಮಗುಚಿ ನೆಟ್ಟಗೆ ಹಿಡಿದು ಮೇಲಿನ ಮುಚ್ಚಳ ಎತ್ತಿ. ಅಡಿಮೇಲಾಗಿ ಎತ್ತಿದರೆ ಸ್ಪ್ರಿಂಗು, ರೋಲರುಗಳು ಹಾರಿಹೋಗುತ್ತವೆ. ಟೇಪು ಯಾವ ರೋಲರಿನ ಒಳಗೆ, ಯಾವುದರ ಹೊರಗೆ ಹಾದಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಎರಡೂ ಸುರುಳಿಗಳ ಅಂಚನ್ನು ನಾರು ಬಿಡದ ಒಣ ಬಟ್ಟೆಯಿಂದ ಒರೆಸಿ. ಮತ್ತೆ ಟೇಪನ್ನು ಕೈಯಿಂದ ನಿಧಾನಕ್ಕೆ ಸುತ್ತುತ್ತಾ ಎರಡೂ ಮುಖ ಒರೆಸಿ. ಹೋಗದ ಕಲೆಗೆ ಮಾತ್ರ 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್, ಬಟ್ಟೆ ತುಸುವೇ ಒದ್ದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ. ಕೊನೆಗೆ ಸುರುಳಿಗಳನ್ನು ಬೇರೊಂದು ಶುದ್ಧ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಿ. ಹಳೆ ಕವಚದ ಲೇಬಲ್ ಕಿತ್ತು ಜತೆಗಿಡಿ, ದೊಡ್ಡಪ್ಪನ ಕೈಬರಹ ಅದು.

ಓಡಿಸಿದ ಮೇಲೆ ವಿ.ಸಿ.ಆರ್. ಹೆಡ್ಡು ಒರೆಸಬೇಕು. ಮೃದು ಚರ್ಮ ಸುತ್ತಿದ ಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ, ಹೆಡ್ಡು ಕೂತಿರುವ ತಿರುಗುವ ಡ್ರಮ್ಮಿಗೆ ಒತ್ತಿ ಹಿಡಿಯಿರಿ, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಿ. ಕಡ್ಡಿಯನ್ನು ಮೇಲೆ-ಕೆಳಗೆ ಉಜ್ಜಿದರೆ ಕೂದಲಿನಷ್ಟು ಸಣ್ಣ ಹೆಡ್ಡು ಮುರಿಯುತ್ತದೆ, ಮತ್ತೆ ಸಿಗುವುದು ಕಷ್ಟ.

ಕಂಪ್ಯೂಟರಿಗೆ ಇಳಿಸುವಾಗ 'ಪಾಲ್', 720x576, ಸೆಕೆಂಡಿಗೆ 25 ಚೌಕಟ್ಟು ಎಂದು ಕೊಡಿ. ಅಗ್ಗದ ಯುಎಸ್‌ಬಿ ಸಾಧನಗಳು ಟೇಪಿನ ಸಂಕೇತ ನಡುಗಿದಾಗ ಚೌಕಟ್ಟು ಬಿಟ್ಟುಬಿಡುತ್ತವೆ. ಗಂಟೆ ಕಳೆಯುವಷ್ಟರಲ್ಲಿ ಬ್ಯಾಟಿನ ಸದ್ದು ಒಂದು ಕಡೆ, ಹೊಡೆತ ಒಂದು ಕಡೆ. ನಡುವೆ ಹಳೆ ಡಿವಿಡಿ ರೆಕಾರ್ಡರ್ ಒಂದನ್ನು ಸೇರಿಸಿ ಅದರ ಮೂಲಕ ಹಾಯಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಚಿತ್ರದ ಅಡಿಯಲ್ಲಿ ಕಾಣುವ ನಾಲ್ಕಾರು ಚದುರಿದ ಗೆರೆ ಎಲ್ಲ ವಿ.ಎಚ್.ಎಸ್.ನಲ್ಲೂ ಇರುವಂಥದು, ಅದಕ್ಕೆ ಮಂಡೆಬಿಸಿ ಬೇಡ.

ಒಂದು ಎಚ್ಚರಿಕೆ: ಇ-180 ಕ್ಯಾಸೆಟ್ಟಿನಲ್ಲಿ ಮಾಮೂಲಿ ವೇಗಕ್ಕೆ ಹಿಡಿಯುವುದು ಮೂರು ಗಂಟೆ. 50-50 ಓವರಿನ ಪಂದ್ಯ ಅದರಲ್ಲಿ ಪೂರ್ತಿ ಇರಲಾರದು. ಇನ್ನೊಂದು ಕ್ಯಾಸೆಟ್ ಇದೆಯೇ ಎಂದು ಅಟ್ಟ ಹುಡುಕಿ, ಇಲ್ಲವೇ ಅರ್ಧ ವೇಗದ ಎಲ್.ಪಿ.ಯಲ್ಲಿ ಹಿಡಿದಿರಬಹುದು. ಹಾಗಿದ್ದರೆ ಎಲ್.ಪಿ. ಓಡಿಸಬಲ್ಲ ವಿ.ಸಿ.ಆರ್. ಬೇಕು. ಬಂದದ್ದು ನಿಜಕ್ಕೂ ಫೈನಲ್ಲೇ ಎಂದು ತಿಳಿಯಲು ಅಂಕಪಟ್ಟಿ ನೋಡಿ: ಈಡನ್ ಗಾರ್ಡನ್ಸ್, ಆಸ್ಟ್ರೇಲಿಯ 5ಕ್ಕೆ 253, ಇಂಗ್ಲೆಂಡ್ 8ಕ್ಕೆ 246. ಬಾರ್ಡರ್ ಎಸೆದ ಮೊದಲ ಎಸೆತಕ್ಕೇ ಗ್ಯಾಟಿಂಗ್ ರಿವರ್ಸ್ ಸ್ವೀಪ್ ಮಾಡಹೋಗಿ ಔಟಾದದ್ದು ನಿಮ್ಮ ಟೇಪಿನಲ್ಲಿ ಉಳಿದಿದ್ದರೆ ನಮಗೆ ಬರೆದು ತಿಳಿಸಿ.

ಯೂಟ್ಯೂಬಿಗೆ ಹಾಕಬಹುದೇ ಎಂದೂ ಕೇಳಿದ್ದೀರಿ. ಪ್ರಸಾರದ ಹಕ್ಕು ನಿಮ್ಮದಲ್ಲ, ಮನೆಮಂದಿ ನೋಡಲು ಇಟ್ಟುಕೊಳ್ಳಿ. ಪ್ರತಿ ಎರಡಿರಲಿ, ಎರಡು ಬೇರೆ ಮನೆಗಳಲ್ಲಿ. ಮೂಲ ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕ ನಿಲ್ಲಿಸುವಂತೆ ನೆಟ್ಟಗೆ, ತೇವದ ಗೋಡೆಗೆ ತಾಗದ ಕಪಾಟಿನಲ್ಲಿ ಇಡಿ.